ಕ್ಯಾಮೆರಾ ಕಂಡದ್ದು, ಕೈ ಬಿಟ್ಟದ್ದು



ಮನೆಯ ಸಮಾರಂಭವೊಂದರ ವಿಡಿಯೋವನ್ನು ಕಾರ್ಟೂನ್ ಚಿತ್ರವಾಗಿ ಮಾರ್ಪಡಿಸುವುದು ಇಂದು ಕೆಲವೇ ನಿಮಿಷಗಳ ಕೆಲಸ. ಮೊಬೈಲ್ ಫೋನಿನ ತಂತ್ರಾಂಶಕ್ಕೆ ವಿಡಿಯೋ ಒಪ್ಪಿಸಿದರೆ ಆಯಿತು. ಸೀರೆಯ ಅಂಚು ದಪ್ಪ ಕಪ್ಪು ಗೆರೆಯಾಗುತ್ತದೆ, ಗೋಡೆಯ ಬಣ್ಣವೆಲ್ಲ ಒಂದೇ ಹದಕ್ಕೆ ಬರುತ್ತದೆ, ಅಜ್ಜಿಯ ಮುಖದ ಸುಕ್ಕುಗಳು ಮಾಯವಾಗುತ್ತವೆ. ನೋಡಿದವರು ನಗುತ್ತಾರೆ, ನಾಲ್ಕು ಜನಕ್ಕೆ ಕಳಿಸುತ್ತಾರೆ, ಮರೆಯುತ್ತಾರೆ.

ಅದೇ ಅಜ್ಜಿಯನ್ನು ಒಬ್ಬ ವ್ಯಂಗ್ಯಚಿತ್ರಕಾರನ ಮುಂದೆ ಕೂರಿಸಿದ್ದರೆ ಆತ ಮೊದಲು ಹಿಡಿಯುತ್ತಿದ್ದುದು ಆ ಸುಕ್ಕುಗಳನ್ನೇ. ಗೋಡೆಯನ್ನು ಪೂರ್ತಿ ಬಿಡುತ್ತಿದ್ದ, ಸೀರೆಯನ್ನು ಎರಡು ಗೆರೆಗಳಲ್ಲಿ ಮುಗಿಸುತ್ತಿದ್ದ. ಯಂತ್ರವೂ ಬಿಡುತ್ತದೆ, ಮನುಷ್ಯನೂ ಬಿಡುತ್ತಾನೆ. ಏನನ್ನು ಬಿಡುತ್ತಾರೆ, ಏನನ್ನು ಉಳಿಸಿಕೊಳ್ಳುತ್ತಾರೆ ಎಂಬುದರಲ್ಲಿ ವ್ಯತ್ಯಾಸವಿದೆ.

ಕ್ಯಾಮೆರಾದಲ್ಲಿ ಹಿಡಿದ ನಿಜವಾದ ಚಲನೆಯನ್ನು ಗೆರೆಯ ಚಿತ್ರವಾಗಿಸುವ ಈ ವಿದ್ಯೆಗೆ ನೂರು ವರ್ಷ ದಾಟಿದೆ. ಇದು ಚಿತ್ರಕಲೆಯೋ ಬರೀ ನಕಲೋ ಎಂಬ ಜಗಳಕ್ಕೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು. ಹಿಂದೆ ಇದು ಕಲಾವಿದರ ನಡುವಿನ ಚರ್ಚೆಯಾಗಿತ್ತು. ಈಗ ಸಾವಿರಾರು ಜನರ ಅನ್ನದ ಪ್ರಶ್ನೆಯೂ ಆಗಿದೆ. ಆದ್ದರಿಂದ ಈ ವಿದ್ಯೆ ನಡೆದುಬಂದ ದಾರಿಯನ್ನು ಒಮ್ಮೆ ಹಿಂತಿರುಗಿ ನೋಡುವುದು ಉಚಿತ.

ಛಾವಣಿಯ ಮೇಲಿನ ವಿದೂಷಕ

ಚಲನಚಿತ್ರ ಎಂದರೆ ಒಂದರ ಹಿಂದೊಂದು ಬರುವ ಸ್ಥಿರಚಿತ್ರಗಳ ಸಾಲು ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಸೆಕೆಂಡಿಗೆ 24 ಚೌಕಟ್ಟುಗಳಂತೆ ಲೆಕ್ಕ ಹಾಕಿದರೆ ಒಂದು ನಿಮಿಷಕ್ಕೆ 1,440 ಆಗುತ್ತವೆ. ಒಂದೊಂದು ಚಿತ್ರವನ್ನು ಎರಡೆರಡು ಚೌಕಟ್ಟುಗಳಿಗೆ ಬಳಸಿ ಮಿತವ್ಯಯ ಮಾಡಿದರೂ ಒಂದು ನಿಮಿಷದ ಕಾರ್ಟೂನಿಗೆ 720 ಚಿತ್ರಗಳು ಬೇಕು. ಅಷ್ಟನ್ನೂ ಊಹೆಯಿಂದಲೇ ಬರೆಯಬೇಕಾಗಿದ್ದ ಕಾಲದಲ್ಲಿ, ಅಂದರೆ 1910ರ ದಶಕದಲ್ಲಿ, ಕಾರ್ಟೂನಿನ ಮನುಷ್ಯ ಕುಂಟುತ್ತ, ಜಿಗಿಯುತ್ತ, ಕೀಲುಗೊಂಬೆಯಂತೆ ನಡೆಯುತ್ತಿದ್ದ.

ಇದಕ್ಕೊಂದು ಯಾಂತ್ರಿಕ ಪರಿಹಾರ ಹುಡುಕಿದವರು ಮ್ಯಾಕ್ಸ್ ಫ್ಲೈಶರ್. ಪೋಲೆಂಡಿನ ಕ್ರಾಕೋವ್‌ನಲ್ಲಿ 1883ರಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ನ್ಯೂಯಾರ್ಕಿಗೆ ಬಂದ ಕುಟುಂಬದವರು. 'ಪಾಪ್ಯುಲರ್ ಸೈನ್ಸ್ ಮಂತ್ಲಿ' ಎಂಬ ಪತ್ರಿಕೆಯ ಕಲಾ ಸಂಪಾದಕರಾಗಿ ಕೆಲಸ ಮಾಡಿದವರು. ಯಂತ್ರ ಮತ್ತು ಕುಂಚ ಎರಡರಲ್ಲೂ ಆಸಕ್ತಿಯಿದ್ದ ಅವರಿಗೆ ಹೊಳೆದ ಉಪಾಯ ಸರಳವಾಗಿತ್ತು. ಮೊದಲು ನಿಜವಾದ ಮನುಷ್ಯನ ಚಲನೆಯನ್ನು ಫಿಲ್ಮಿನಲ್ಲಿ ಹಿಡಿಯುವುದು. ಆಮೇಲೆ ಆ ಫಿಲ್ಮನ್ನು ಒಂದೊಂದೇ ಚೌಕಟ್ಟಾಗಿ, ಮಸುಕು ಗಾಜು ಕೂರಿಸಿದ ಮೇಜಿನ ಮೇಲೆ ಬೆಳಕಿನಿಂದ ಮೂಡಿಸಿ, ಮೇಲೆ ಕಾಗದ ಹಾಸಿ ಗೆರೆ ಎಳೆಯುವುದು. ಶಾಲೆಯ ಮಕ್ಕಳು ಭೂಪಟವನ್ನು ಕಿಟಕಿಯ ಗಾಜಿಗೆ ಒತ್ತಿ ಹಿಡಿದು ನಕಲು ಮಾಡುವ ಕ್ರಮವೇ ಇದು.

ಮ್ಯಾಕ್ಸ್‌ನ ತಮ್ಮ ಡೇವ್ ವಿದೂಷಕನ ಉಡುಪು ತೊಟ್ಟು ಮನೆಯ ಕಟ್ಟಡದ ಛಾವಣಿಯ ಮೇಲೆ ಕುಣಿದ. ಅಣ್ಣ ಅದನ್ನು ಚಿತ್ರೀಕರಿಸಿದ. ಆ ಚಿಕ್ಕ ತುಣುಕನ್ನು ಗೆರೆಗಳಾಗಿಸಲು ಸಹೋದರರಿಗೆ ಸುಮಾರು ಒಂದು ವರ್ಷ ಹಿಡಿಯಿತು. 1915ರ ಡಿಸೆಂಬರ್‌ನಲ್ಲಿ ಹಕ್ಕುಪತ್ರಕ್ಕೆ ಅರ್ಜಿ ಹೋಯಿತು, 1917ರ ಅಕ್ಟೋಬರ್‌ನಲ್ಲಿ ಪೇಟೆಂಟ್ ದೊರೆಯಿತು. ಯಂತ್ರಕ್ಕೆ 'ರೋಟೋಸ್ಕೋಪ್' ಎಂದು ಹೆಸರಾಯಿತು. ಇಂದು ಕಂಪ್ಯೂಟರಿನಲ್ಲಿ ನಡೆಯುವ ಕೆಲಸಕ್ಕೂ 'ರೋಟೋ' ಎಂಬ ಹೆಸರೇ ಉಳಿದುಕೊಂಡಿದೆ.

ಡೇವ್‌ನ ಆ ಕುಣಿತದಿಂದ ಹುಟ್ಟಿದ ವಿದೂಷಕ ಮುಂದೆ 'ಕೊಕೊ' ಎಂದು ಪ್ರಸಿದ್ಧನಾದ. 1918ರಲ್ಲಿ ಆರಂಭವಾದ 'ಔಟ್ ಆಫ್ ದಿ ಇಂಕ್‌ವೆಲ್' ಮಾಲಿಕೆಯಲ್ಲಿ ಆತ ನಿಜವಾದ ಮೇಜಿನ ಮೇಲಿನ ನಿಜವಾದ ಶಾಯಿಕುಡಿಕೆಯಿಂದ ಎದ್ದು ಬರುತ್ತಿದ್ದ, ತನ್ನನ್ನು ಬರೆದವನಿಗೇ ಕಾಟ ಕೊಡುತ್ತಿದ್ದ. ಪ್ರೇಕ್ಷಕರು ಬೆರಗಾದದ್ದು ಆ ತಮಾಷೆಗೆ ಮಾತ್ರವಲ್ಲ. ಮೊದಲ ಬಾರಿಗೆ ಕಾಗದದ ಮನುಷ್ಯನೊಬ್ಬನಿಗೆ ಮೈಭಾರ ಬಂದಿತ್ತು.

ಗೆರೆಯಲ್ಲಿ ಸೋರಿಹೋಗುವ ಜೀವ

ಹಾಗಾದರೆ ಗಾಜಿನ ಮೇಲೆ ಮೂಡಿದ್ದನ್ನು ತಿದ್ದಿದವರೆಲ್ಲ ಕಲಾವಿದರೇ? ಈ ಅನುಮಾನ ಮೊದಲು ಕಾಡಿದ್ದು ಆ ಕೆಲಸ ಮಾಡಿದವರನ್ನೇ.

ವಾಲ್ಟ್ ಡಿಸ್ನಿ ಅವರ 'ಸ್ನೋ ವೈಟ್' 1937ರಲ್ಲಿ ತೆರೆಗೆ ಬಂತು. ರಾಜಕುಮಾರಿಯ ನಡಿಗೆ, ನೃತ್ಯಗಳಿಗೆ ಮಾದರಿಯಾಗಿ ಮಾರ್ಜ್ ಚಾಂಪಿಯನ್ ಎಂಬ ಹದಿಹರೆಯದ ನರ್ತಕಿಯನ್ನು ಕ್ಯಾಮೆರಾ ಮುಂದೆ ನಟಿಸಲು ಕರೆಸಿದ್ದರು. ಆದರೆ ಆ ಫಿಲ್ಮನ್ನು ಇದ್ದಹಾಗೆಯೇ ತಿದ್ದಿ ಬರೆದಾಗ ಚಿತ್ರ ಸಪ್ಪೆಯಾಗುತ್ತಿತ್ತು. ಚಲನೆ ನಿಖರವಾಗಿದ್ದರೂ ಜೀವವಿರಲಿಲ್ಲ. ಡಿಸ್ನಿಯ ಹಿರಿಯ ಕಲಾವಿದರಾದ ಫ್ರಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್ 1981ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಈ ಅನುಭವವನ್ನು ವಿವರವಾಗಿ ದಾಖಲಿಸಿದ್ದಾರೆ. ಫೋಟೋದಲ್ಲಿ ಎಲ್ಲ ವಿವರಗಳಿಗೂ ಸಮಾನ ಸ್ಥಾನ. ಗೆರೆಗೆ ಅಷ್ಟೊಂದು ಹೊರಲು ಸಾಧ್ಯವಿಲ್ಲ. ಅದು ಯಾವುದೋ ಒಂದನ್ನು ಮುಂದೆ ಮಾಡಿ ಉಳಿದದ್ದನ್ನು ಹಿಂದೆ ತಳ್ಳಬೇಕು. ಕಡೆಗೆ ಡಿಸ್ನಿಯ ಕಲಾವಿದರು ಫಿಲ್ಮನ್ನು ಪಕ್ಕದಲ್ಲಿಟ್ಟುಕೊಂಡು, ಅದರಿಂದ ಬೇಕಾದಷ್ಟನ್ನು ಆರಿಸಿಕೊಂಡು, ಭಂಗಿಯನ್ನು ಹಿಗ್ಗಿಸಿ ಕುಗ್ಗಿಸಿ ಬರೆಯುವ ಮಾರ್ಗ ಹಿಡಿದರು.

ಫ್ಲೈಶರ್ ಸಹೋದರರ ಕಡೆಯಿಂದಲೂ ಒಂದು ಉತ್ತಮ ಉದಾಹರಣೆಯಿದೆ. ಹಾರ್ಲೆಮ್‌ನ ಪ್ರಸಿದ್ಧ ಗಾಯಕ, ವಾದ್ಯವೃಂದದ ನಾಯಕ ಕ್ಯಾಬ್ ಕ್ಯಾಲೋವೇ ಅವರ ಕುಣಿತವನ್ನು 1932ರ 'ಮಿನಿ ದಿ ಮೂಚರ್' ಎಂಬ ಬೆಟ್ಟಿ ಬೂಪ್ ಚಿತ್ರಕ್ಕೆ ಬಳಸಿದರು. ಆರಂಭದಲ್ಲಿ ಕ್ಯಾಲೋವೇ ಸ್ವತಃ ಕಾಣಿಸಿಕೊಳ್ಳುತ್ತಾರೆ. ಆಮೇಲೆ ಗುಹೆಯೊಂದರಲ್ಲಿ ವಾಲ್‌ರಸ್ ಎಂಬ ಕಡಲಪ್ರಾಣಿಯ ಭೂತವೊಂದು ಬಂದು ಹಾಡುತ್ತ ಕುಣಿಯುತ್ತದೆ. ಆಕಾರ ಪ್ರಾಣಿಯದು, ಹೆಜ್ಜೆ ಮಾತ್ರ ಕ್ಯಾಲೋವೇ ಅವರದೇ. ಮುಖ, ಮೈ, ಬಟ್ಟೆ ಎಲ್ಲವನ್ನೂ ಬಿಟ್ಟು, ಜಾರುವ ಆ ಪಾದಗಳ ಲಯವನ್ನು ಮಾತ್ರ ಉಳಿಸಿಕೊಂಡದ್ದರಿಂದಲೇ ಆ ದೃಶ್ಯ ಇಂದಿಗೂ ನೋಡಿಸಿಕೊಳ್ಳುತ್ತದೆ.

ಇದೇ ಸಹೋದರರ 1939ರ 'ಗಲಿವರ್ಸ್ ಟ್ರಾವೆಲ್ಸ್' ಚಿತ್ರದಲ್ಲಿ ಇನ್ನೊಂದು ಬಗೆಯ ಜಾಣ್ಮೆಯಿದೆ. ಅಲ್ಲಿ ಗಲಿವರ್‌ನನ್ನು ಮಾತ್ರ ನಟನ ಮೇಲೆ ತಿದ್ದಿ ಬರೆದರು, ಲಿಲಿಪುಟ್ಟಿನ ಕುಳ್ಳರನ್ನು ಕೈಯಿಂದ ಕಾರ್ಟೂನಾಗಿಯೇ ಬರೆದರು. ದೈತ್ಯ ಬೇರೆ ಲೋಕದವನು ಎಂಬುದು ಮಾತಿಲ್ಲದೆ ತಿಳಿಯುತ್ತದೆ.

ತಮ್ಮನ ಓಟ, ರಾಜಕುಮಾರನ ಓಟ

ಕಂಪ್ಯೂಟರ್ ಈ ಕತೆಗೆ ಪ್ರವೇಶಿಸಿದ್ದು ಆಟದ ಮೂಲಕ. ತೊಂಬತ್ತರ ದಶಕದಲ್ಲಿ ಕಂಪ್ಯೂಟರ್ ಕಲಿತವರಲ್ಲಿ 'ಪ್ರಿನ್ಸ್ ಆಫ್ ಪರ್ಷಿಯಾ' ಆಡದವರು ಕಡಿಮೆ. ಬಿಳಿ ಉಡುಪಿನ ಆ ಪುಟ್ಟ ರಾಜಕುಮಾರ ಓಡಿ ಬಂದು, ಹಾರಿ, ಕಟ್ಟೆಯ ಅಂಚನ್ನು ಬೆರಳಲ್ಲಿ ಹಿಡಿದು ತೂಗಾಡುವುದನ್ನು ನೋಡಿದಾಗ, ಇಷ್ಟು ಚಿಕ್ಕ ಆಕೃತಿಗೆ ಇಷ್ಟು ಸಹಜ ಚಲನೆ ಎಲ್ಲಿಂದ ಬಂತು ಎಂದು ಆಶ್ಚರ್ಯವಾಗುತ್ತಿತ್ತು.

ಅದನ್ನು ರಚಿಸಿದ ಜೋರ್ಡನ್ ಮೆಕ್ನರ್ 1985ರಲ್ಲಿ ತನ್ನ ತಮ್ಮ ಡೇವಿಡ್‌ಗೆ ಬಿಳಿ ಬಟ್ಟೆ ತೊಡಿಸಿ ಓಡಿಸಿದರು, ಹಾರಿಸಿದರು, ವಿಡಿಯೋ ತೆಗೆದರು. ಆಗಿನ ಕಂಪ್ಯೂಟರಿಗೆ ವಿಡಿಯೋವನ್ನು ನೇರವಾಗಿ ನುಂಗುವ ಶಕ್ತಿ ಇರಲಿಲ್ಲ. ಟಿ.ವಿ. ಪರದೆಯ ಮೇಲೆ ಚಿತ್ರವನ್ನು ನಿಲ್ಲಿಸಿ ಫೋಟೋ ತೆಗೆದು, ಅದರ ಆಕೃತಿಯನ್ನು ಕಪ್ಪು ಮಾರ್ಕರ್ ಮತ್ತು ಬಿಳಿ ತಿದ್ದುಶಾಯಿಯಿಂದ ಎದ್ದು ಕಾಣುವಂತೆ ಮಾಡಿ, ಜೆರಾಕ್ಸ್ ತೆಗೆದು, ಆಮೇಲೆ ಕಂಪ್ಯೂಟರಿಗೆ ಸೇರಿಸಬೇಕಾಗಿತ್ತು. ಕತ್ತಿವರಸೆಗೆ 1938ರ 'ದಿ ಅಡ್ವೆಂಚರ್ಸ್ ಆಫ್ ರಾಬಿನ್ ಹುಡ್' ಚಿತ್ರದ ಕಾಳಗವೊಂದು ಆಧಾರವಾಯಿತು. ಆಟ 1989ರಲ್ಲಿ ಹೊರಬಂತು. ಫ್ಲೈಶರ್ ಸಹೋದರರ ಛಾವಣಿಯ ಪ್ರಯೋಗ ಏಳು ದಶಕಗಳ ಮೇಲೆ ಇನ್ನೊಂದು ಅಣ್ಣ-ತಮ್ಮಂದಿರ ಜೋಡಿಯಲ್ಲಿ ಮರುಕಳಿಸಿತ್ತು.

ಎರಡು ಗೆರೆಗಳ ನಡುವಿನ ಗಣಿತ

ನಿಜವಾದ ತಿರುವು ಬಂದದ್ದು ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದಿಂದ. ಬಾಬ್ ಸಬಿಸ್ಟನ್ ಎಂಬುವರು ಎಂ.ಐ.ಟಿ. ಮೀಡಿಯಾ ಲ್ಯಾಬ್‌ನಲ್ಲಿ ಕಲಿತವರು. ಕಾರ್ಯಕ್ರಮ ಬರೆಯುವುದೂ ಗೊತ್ತು, ಚಿತ್ರ ಬರೆಯುವುದೂ ಗೊತ್ತು. ತೊಂಬತ್ತರ ದಶಕದ ಕೊನೆಯಲ್ಲಿ ಅವರು 'ರೋಟೋಶಾಪ್' ಎಂಬ ತಂತ್ರಾಂಶ ಸಿದ್ಧಪಡಿಸಿದರು.

ಅದರ ತಿರುಳನ್ನು ಹೀಗೆ ವಿವರಿಸಬಹುದು. ಒಬ್ಬ ವ್ಯಕ್ತಿ ಹುಬ್ಬು ಎತ್ತುತ್ತಾನೆ ಎನ್ನಿ. ಹುಬ್ಬು ಕೆಳಗಿರುವ ಚೌಕಟ್ಟಿನಲ್ಲಿ ಕಲಾವಿದ ಒಂದು ಗೆರೆ ಎಳೆಯುತ್ತಾನೆ. ಹತ್ತು ಚೌಕಟ್ಟು ಮುಂದೆ ಹೋಗಿ, ಹುಬ್ಬು ಮೇಲಿರುವಲ್ಲಿ ಅದೇ ಗೆರೆಯನ್ನು ಮತ್ತೆ ಎಳೆಯುತ್ತಾನೆ. ನಡುವಿನ ಚೌಕಟ್ಟುಗಳಲ್ಲಿ ಆ ಗೆರೆ ಎಲ್ಲೆಲ್ಲಿರಬೇಕು, ಎಷ್ಟೆಷ್ಟು ಬಾಗಿರಬೇಕು ಎಂಬುದನ್ನು ತಂತ್ರಾಂಶ ಲೆಕ್ಕ ಹಾಕಿ ತುಂಬುತ್ತದೆ. ಗೆರೆ ಎಳೆಯುವ ಕೈ, ಯಾವ ಗೆರೆ ಬೇಕು ಎಂಬ ಆಯ್ಕೆ ಮನುಷ್ಯನದು. ನಡುವಿನ ದುಡಿಮೆ ಯಂತ್ರದ್ದು. ವಿಡಿಯೋದಿಂದ ಗೆರೆಯನ್ನು ತಾನಾಗಿ ಹುಡುಕುವ ಕೆಲಸವನ್ನು ಅದು ಮಾಡುತ್ತಿರಲಿಲ್ಲ.

ನಿರ್ದೇಶಕ ರಿಚರ್ಡ್ ಲಿಂಕ್‌ಲೇಟರ್ ಈ ತಂತ್ರಾಂಶವನ್ನು ಬಳಸಿ 2001ರಲ್ಲಿ 'ವೇಕಿಂಗ್ ಲೈಫ್' ಎಂಬ ಪೂರ್ಣಪ್ರಮಾಣದ ಚಿತ್ರ ತೆಗೆದರು. ಕನಸಿನಿಂದ ಎಚ್ಚರಗೊಳ್ಳಲಾಗದ ಯುವಕನೊಬ್ಬ ಬಗೆಬಗೆಯ ಜನರ ಮಾತು ಕೇಳುತ್ತ ಅಲೆಯುವ ಕತೆ ಅದು. ಮೊದಲು ಸಾಧಾರಣ ಡಿಜಿಟಲ್ ಕ್ಯಾಮೆರಾದಲ್ಲಿ ಚಿತ್ರೀಕರಿಸಿ, ಸಂಕಲನ ಮಾಡಿ, ಮೂವತ್ತಕ್ಕೂ ಹೆಚ್ಚು ಕಲಾವಿದರಿಗೆ ಹಂಚಿದರು. ಪಾತ್ರ ಬದಲಾದಂತೆ ಕಲಾವಿದ ಬದಲಾಗುತ್ತಾನೆ, ಶೈಲಿ ಬದಲಾಗುತ್ತದೆ. ಒಂದು ಕಡೆ ಮುಖ ನೀರಿನ ಮೇಲಿನ ಎಣ್ಣೆಯಂತೆ ತೇಲುತ್ತದೆ, ಇನ್ನೊಂದು ಕಡೆ ಒರಟು ಬಣ್ಣದ ತೇಪೆಯಾಗುತ್ತದೆ. ನೆಲವೂ ಗೋಡೆಯೂ ದೋಣಿಯಂತೆ ತೂಗುತ್ತವೆ. ಕನಸಿಗೆ ಹೇಳಿ ಮಾಡಿಸಿದ ರೂಪ.

ಒಂದು ನಿಮಿಷಕ್ಕೆ 500 ಗಂಟೆ

ಯಂತ್ರ ಬಂದರೆ ಕೆಲಸ ಹಗುರವಾಗುತ್ತದೆ ಎಂಬ ನಂಬಿಕೆ ಲಿಂಕ್‌ಲೇಟರ್ ಅವರ ಮುಂದಿನ ಚಿತ್ರದಲ್ಲಿ ಪರೀಕ್ಷೆಗೊಳಗಾಯಿತು. ಫಿಲಿಪ್ ಕೆ. ಡಿಕ್ ಅವರ 1977ರ ಕಾದಂಬರಿಯನ್ನು ಆಧರಿಸಿದ 'ಎ ಸ್ಕ್ಯಾನರ್ ಡಾರ್ಕ್‌ಲಿ' ಚಿತ್ರದಲ್ಲಿ ಕೀನು ರೀವ್ಸ್, ರಾಬರ್ಟ್ ಡೌನಿ ಜೂನಿಯರ್, ವಿನೋನಾ ರೈಡರ್ ಅವರಂಥ ತಾರೆಯರಿದ್ದರು. ಇಲ್ಲಿ ಶೈಲಿ ದೃಶ್ಯಕ್ಕೊಂದರಂತೆ ಬದಲಾಗುವಂತಿರಲಿಲ್ಲ. ಆರಂಭದಿಂದ ಕೊನೆಯವರೆಗೆ ಒಂದೇ ಕೈ ಬರೆದಂತೆ ಇರಬೇಕಿತ್ತು, ತಾರೆಯ ಮುಖ ಪ್ರತಿ ಚೌಕಟ್ಟಿನಲ್ಲೂ ಗುರುತು ಸಿಗಬೇಕಿತ್ತು.

ನಟರ ಚಿತ್ರೀಕರಣ 2004ರಲ್ಲಿ ಕೆಲವೇ ವಾರಗಳಲ್ಲಿ ಮುಗಿಯಿತು. ಗೆರೆಯ ಕೆಲಸ ಮಾತ್ರ ಒಂದು ವರ್ಷಕ್ಕೂ ಮೀರಿ ಎಳೆಯಿತು. ಒಂದು ನಿಮಿಷದ ಚಿತ್ರಕ್ಕೆ 500 ಗಂಟೆಯವರೆಗೆ ದುಡಿಮೆ ಹಿಡಿಯಿತೆಂದು ಲೆಕ್ಕ. ದಿನಕ್ಕೆ ಎಂಟು ಗಂಟೆಯಂತೆ ಒಬ್ಬನೇ ಕೂತರೆ ಅರವತ್ತಕ್ಕೂ ಹೆಚ್ಚು ದಿನ. ವೇಳೆ ಮತ್ತು ಹಣದ ಒತ್ತಡದ ನಡುವೆ 2005ರ ಆರಂಭದಲ್ಲಿ ಸಬಿಸ್ಟನ್ ಮತ್ತು ಅವರ ತಂಡದ ಪ್ರಮುಖರು ಚಿತ್ರದಿಂದ ಹೊರಬಿದ್ದರು. ಕೆಲಸವನ್ನು ಹೊಸ ವ್ಯವಸ್ಥೆಯಲ್ಲಿ ಹೆಚ್ಚು ಕಲಾವಿದರಿಗೆ ಹಂಚಿ, ಎಲ್ಲರೂ ಒಂದೇ ಬಗೆಯಾಗಿ ಬರೆಯುವಂತೆ ಶೈಲಿಯ ಕೈಪಿಡಿ ಕೊಟ್ಟು ಮುಗಿಸಲಾಯಿತು. ಚಿತ್ರ 2006ರಲ್ಲಿ ಬಿಡುಗಡೆಯಾಯಿತು.

ಆದರೂ ಆ ಚಿತ್ರದಲ್ಲಿ ಗೆರೆ ಯಾಕೆ ಬೇಕಿತ್ತು ಎಂಬುದಕ್ಕೆ ಬಲವಾದ ಉತ್ತರವಿದೆ. ಕಥಾನಾಯಕ ಮಾದಕವಸ್ತು ನಿಗ್ರಹದ ಗುಪ್ತ ಪೊಲೀಸ್. ತನ್ನ ಗುರುತು ಸಹೋದ್ಯೋಗಿಗಳಿಗೂ ತಿಳಿಯದಂತೆ ಆತ ತೊಡುವ ದಿರಿಸಿನ ಮೇಲೆ ಸಾವಿರಾರು ಜನರ ಕಣ್ಣು, ಮೂಗು, ಕೂದಲು ಕ್ಷಣಕ್ಷಣಕ್ಕೂ ಬದಲಾಗುತ್ತಿರುತ್ತವೆ. ಕೊನೆಗೆ ಆತನಿಗೇ ತಾನು ಯಾರೆಂಬುದು ಮರೆತುಹೋಗುತ್ತದೆ. ನಿಜವೋ ಭ್ರಮೆಯೋ ತಿಳಿಯದ ಆ ಸ್ಥಿತಿಗೆ, ನಿಜದ ಮೇಲೆ ಬರೆದ ಗೆರೆ ಸರಿಯಾಗಿ ಹೊಂದಿಕೊಂಡಿತು.

ಇಷ್ಟಾದರೂ ಹಳೆಯ ಅನುಮಾನ ಹೋಗಲಿಲ್ಲ. ಲಿಂಕ್‌ಲೇಟರ್ ಅವರ 'ಅಪೋಲೋ ಟೆನ್ ಆ್ಯಂಡ್ ಎ ಹಾಫ್' ಚಿತ್ರವನ್ನು 2022ರಲ್ಲಿ ಆಸ್ಕರ್ ಅಕಾಡೆಮಿ, ಅನಿಮೇಷನ್ ವಿಭಾಗಕ್ಕೆ ಅರ್ಹವಲ್ಲ ಎಂದು ಮೊದಲು ತಳ್ಳಿಹಾಕಿತು. ನಟರ ಚಿತ್ರೀಕರಣವನ್ನು ಅತಿಯಾಗಿ ಅವಲಂಬಿಸಿದೆ ಎಂಬುದು ಆಕ್ಷೇಪ. ನಿರ್ಮಾಪಕರು ಮೇಲ್ಮನವಿ ಸಲ್ಲಿಸಿದ ಬಳಿಕ ಅದೇ ವರ್ಷ ತೀರ್ಮಾನ ಬದಲಾಯಿತು. ನಕಲೋ ಕಲೆಯೋ ಎಂಬ ಪ್ರಶ್ನೆಗೆ ಒಂದು ಶತಮಾನದ ನಂತರವೂ ತೀರ್ಪುಗಾರರಲ್ಲೇ ಗೊಂದಲವಿತ್ತು.

ಗುಂಡಿ ಒತ್ತಿದಾಗ ನಡೆಯುವುದೇನು?

ಕಲಾವಿದನ ಕೈಯೇ ಇಲ್ಲದೆ ವಿಡಿಯೋವನ್ನು ಕಾರ್ಟೂನಾಗಿಸುವ ತಂತ್ರಾಂಶದ ಹಾದಿ ಬೇರೆ. ಅದರಲ್ಲಿ ಮುಖ್ಯವಾಗಿ ಮೂರು ಹೆಜ್ಜೆಗಳಿವೆ.

ಮೊದಲನೆಯದು ನಯಗೊಳಿಸುವುದು. ಚರ್ಮದ ರಂಧ್ರ, ಬಟ್ಟೆಯ ನೇಯ್ಗೆ ಮುಂತಾದ ಸಣ್ಣ ವಿವರಗಳನ್ನು ಅಳಿಸಬೇಕು, ಆದರೆ ಮುಖ ಮತ್ತು ಗೋಡೆಯ ನಡುವಿನ ಅಂಚು ಮಸುಕಾಗಬಾರದು. ಇದಕ್ಕಾಗಿ 1998ರಲ್ಲಿ ತೊಮಾಸಿ ಮತ್ತು ಮಂಡೂಚಿ ಎಂಬ ಸಂಶೋಧಕರು ಪ್ರಕಟಿಸಿದ ಒಂದು ವಿಧಾನ ಬಹಳ ಪ್ರಯೋಜನಕ್ಕೆ ಬಂತು. ಪ್ರತಿಯೊಂದು ಚುಕ್ಕೆಯನ್ನೂ ಅದರ ನೆರೆಯ ಚುಕ್ಕೆಗಳ ಜೊತೆ ಬೆರೆಸುವಾಗ, ಬಣ್ಣ ತನ್ನಂತೆಯೇ ಇರುವ ನೆರೆಯವರಿಗೆ ಹೆಚ್ಚು ಬೆಲೆ, ಬೇರೆಯಾಗಿರುವವರಿಗೆ ಕಡಿಮೆ ಬೆಲೆ ಕೊಡುವುದು ಅದರ ಗುಟ್ಟು. ಎರಡನೆಯ ಹೆಜ್ಜೆ, ಲಕ್ಷಾಂತರ ಬಣ್ಣಗಳನ್ನು ಹತ್ತಿಪ್ಪತ್ತಕ್ಕೆ ಇಳಿಸುವುದು. ಮೂರನೆಯದು, ಬೆಳಕು ಥಟ್ಟನೆ ಬದಲಾಗುವ ಜಾಗಗಳನ್ನು ಹುಡುಕಿ ಅಲ್ಲಿ ಕಪ್ಪು ಗೆರೆ ಹಾಕುವುದು. ಅಂಚು ಹುಡುಕುವ ಪ್ರಸಿದ್ಧ ವಿಧಾನವೊಂದನ್ನು ಜಾನ್ ಕ್ಯಾನಿ 1986ರಲ್ಲಿ ಕೊಟ್ಟಿದ್ದರು. ಈ ಬಗೆಯ ಹೆಜ್ಜೆಗಳನ್ನು ಒಟ್ಟುಗೂಡಿಸಿ, ವಿಡಿಯೋ ಓಡುತ್ತಿರುವಾಗಲೇ ಕಾರ್ಟೂನಾಗಿಸಬಹುದು ಎಂಬುದನ್ನು 2006ರಲ್ಲಿ ಸಂಶೋಧಕರು ತೋರಿಸಿಕೊಟ್ಟರು. 2008ರ ಹೊತ್ತಿಗೆ ಅಡೋಬಿ ಕಂಪನಿಯ 'ಆಫ್ಟರ್ ಎಫೆಕ್ಟ್ಸ್' ತಂತ್ರಾಂಶದಲ್ಲಿ 'ಕಾರ್ಟೂನ್' ಎಂಬ ಸಿದ್ಧ ಸಾಧನವೇ ಬಂತು.

ಈ ಯಂತ್ರಕ್ಕೆ ಅಂಚು ಗೊತ್ತು, ಅರ್ಥ ಗೊತ್ತಿಲ್ಲ. ಮುಖದ ಮೇಲೆ ಕಿಟಕಿಯ ಸರಳಿನ ನೆರಳು ಬಿದ್ದಿದ್ದರೆ ಅದಕ್ಕೂ ದಪ್ಪ ಗೆರೆ ಹಾಕುತ್ತದೆ. ಕಪ್ಪು ಕೂದಲು ಕಪ್ಪು ಬಾಗಿಲಿನ ಮುಂದೆ ಇದ್ದರೆ ತಲೆಯ ಗೆರೆಯನ್ನೇ ಬಿಟ್ಟುಬಿಡುತ್ತದೆ. ಪ್ರತಿ ಚೌಕಟ್ಟನ್ನೂ ಹೊಸದಾಗಿ ನೋಡುವುದರಿಂದ ಗೆರೆಗಳು ಕುದಿಯುವ ನೀರಿನಂತೆ ನಡುಗುತ್ತವೆ. 'ವೇಕಿಂಗ್ ಲೈಫ್'ನಲ್ಲಿ ಅಂಥ ನಡುಕ ಕಲಾವಿದ ಬೇಕೆಂದು ತಂದದ್ದು. ಇಲ್ಲಿ ಅದು ಯಂತ್ರದ ಗಲಿಬಿಲಿ.

2015ರಲ್ಲಿ ಜರ್ಮನಿಯ ಸಂಶೋಧಕರು ಒಂದು ವರ್ಣಚಿತ್ರದ ಶೈಲಿಯನ್ನು ಇನ್ನೊಂದು ಫೋಟೋಗೆ ವರ್ಗಾಯಿಸುವ ವಿಧಾನವನ್ನು ಪ್ರಕಟಿಸಿದರು. ಅಲ್ಲಿಂದ ಮುಂದೆ ಯಂತ್ರಕ್ಕೆ ನಿಯಮ ಹೇಳಿಕೊಡುವ ಬದಲು ಸಾವಿರಾರು ಚಿತ್ರಗಳನ್ನು ತೋರಿಸಿ ಕಲಿಸುವ ಕ್ರಮ ಬಂತು. 2023ರಲ್ಲಿ ಅಮೆರಿಕದ 'ಕಾರಿಡಾರ್' ಎಂಬ ವಿಡಿಯೋ ತಂಡ, ತಾವೇ ನಟಿಸಿದ ದೃಶ್ಯಗಳನ್ನು ಈ ರೀತಿ ಜಪಾನೀ ಅನಿಮೆ ಶೈಲಿಗೆ ತಂದು ಒಂದು ಕಿರುಚಿತ್ರ ಪ್ರಕಟಿಸಿತು. ಯಂತ್ರಕ್ಕೆ ಶೈಲಿ ಕಲಿಸಲು ಬಳಸಿದ್ದು 2000ದ 'ವ್ಯಾಂಪೈರ್ ಹಂಟರ್ ಡಿ: ಬ್ಲಡ್‌ಲಸ್ಟ್' ಎಂಬ ಜಪಾನೀ ಚಿತ್ರದ ಚೌಕಟ್ಟುಗಳನ್ನು. ಕೆಲವರು ಹೊಗಳಿದರು, ಅನಿಮೇಷನ್ ಕಲಾವಿದರು ಅನೇಕರು ಸಿಟ್ಟಾದರು. ಫ್ಲೈಶರ್ ಎರವಲು ಪಡೆದದ್ದು ತನ್ನ ತಮ್ಮನ ಕುಣಿತವನ್ನು, ಅವನ ಒಪ್ಪಿಗೆಯಿಂದ. ಇಲ್ಲಿ ಎರವಲಾದದ್ದು ಬೇರೊಬ್ಬರ ಕೈಬರಹ. 2025ರ ಮಾರ್ಚ್‌ನಲ್ಲಿ ಭಾರತದಲ್ಲೂ ಲಕ್ಷಾಂತರ ಜನ ತಮ್ಮ ಮದುವೆ, ಪ್ರವಾಸದ ಫೋಟೋಗಳನ್ನು ಜಪಾನಿನ ಘಿಬ್ಲಿ ಸ್ಟುಡಿಯೋ ಶೈಲಿಗೆ ತಿರುಗಿಸಿ ಹಂಚಿಕೊಂಡಾಗ ಇದೇ ಪ್ರಶ್ನೆ ಮನೆಮನೆಯ ಬಾಗಿಲಿಗೆ ಬಂತು.

ಕಾದ ನೆಲದ ಮೇಲೆ

ಗೆರೆ ಏನನ್ನು ಮಾಡಬಲ್ಲದು ಎಂಬುದಕ್ಕೆ ಇತ್ತೀಚಿನ ಅತ್ಯುತ್ತಮ ಉದಾಹರಣೆ 2016ರ 'ಟವರ್' ಎಂಬ ಸಾಕ್ಷ್ಯಚಿತ್ರ. ಇದೂ ಆಸ್ಟಿನ್ ನಗರದ್ದೇ. 1966ರ ಆಗಸ್ಟ್ 1ರಂದು ಅಲ್ಲಿನ ಟೆಕ್ಸಾಸ್ ವಿಶ್ವವಿದ್ಯಾಲಯದ ಗೋಪುರದ ಮೇಲಿನಿಂದ ಬಂದೂಕುಧಾರಿಯೊಬ್ಬ ಕೆಳಗಿದ್ದವರತ್ತ ಗುಂಡು ಹಾರಿಸಿದ. ಗರ್ಭಿಣಿಯಾಗಿದ್ದ ಕ್ಲೇರ್ ವಿಲ್ಸನ್ ಎಂಬ ವಿದ್ಯಾರ್ಥಿನಿ ಗುಂಡೇಟು ತಿಂದು, ಬಿಸಿಲಿಗೆ ಕಾದ ನೆಲದ ಮೇಲೆ ಒಂದು ಗಂಟೆಗೂ ಹೆಚ್ಚು ಕಾಲ ಬಿದ್ದಿದ್ದರು. ಅವರು ಬದುಕುಳಿದರು, ಮಗು ಉಳಿಯಲಿಲ್ಲ.

ಅರ್ಧ ಶತಮಾನದ ಮೇಲೆ ನಿರ್ದೇಶಕ ಕೀತ್ ಮೇಟ್‌ಲೆಂಡ್ ಅಂದು ಬದುಕುಳಿದವರ ನೆನಪುಗಳನ್ನು ಸಂಗ್ರಹಿಸಿದರು. ಅವರ ಮಾತನ್ನು ಯುವ ನಟರಿಂದ ಆಡಿಸಿ, ಆ ದೃಶ್ಯಗಳ ಮೇಲೆ ಗೆರೆ ಬರೆಸಿದರು. ನೋಡುಗನಿಗೆ ಕಾಣುವುದು ಹದಿನೆಂಟು ಇಪ್ಪತ್ತರ ಎಳೆಯ ಮುಖಗಳು. ಆಮೇಲೆ ಗೆರೆ ಸರಿದು, ಅದೇ ವ್ಯಕ್ತಿಯ ಇಂದಿನ ವಯಸ್ಸಾದ ಮುಖ ನೇರವಾಗಿ ಕ್ಯಾಮೆರಾದಲ್ಲಿ ಕಾಣಿಸಿಕೊಂಡಾಗ ನೋಡುಗನ ಎದೆ ಧಸಕ್ಕೆನ್ನುತ್ತದೆ. ಗೆರೆ ಇಲ್ಲಿ ಅಲಂಕಾರವಾಗಿ ಬಂದಿಲ್ಲ. ನೆನಪಿಗೂ ಇಂದಿಗೂ ನಡುವಿನ ದೂರವನ್ನು ತೋರಿಸಲು ಬಂದಿದೆ. ರಕ್ತವನ್ನು ನಿಜವಾಗಿ ತೋರಿಸಿ ನೋಡುಗನ ಕಣ್ಣು ಮುಚ್ಚಿಸುವ ಬದಲು, ಕಣ್ಣು ತೆರೆದು ಕೇಳುವಂತೆ ಮಾಡುವ ಸಂಯಮ ಅದಕ್ಕಿದೆ. ಏನನ್ನು ಬಿಡಬೇಕೆಂಬ ತಿಳಿವು ಯಾರಿಗಿರುತ್ತದೋ ಅವರ ಕೈಯಲ್ಲಿ ಮಾತ್ರ ಇದು ಸಾಧ್ಯ.

ಬೆಂಗಳೂರಿನ ಮೇಜುಗಳು

ಈ ಕತೆಯಲ್ಲಿ ಕರ್ನಾಟಕದ ಪಾತ್ರ ದೊಡ್ಡದು, ಆದರೆ ಪರದೆಯ ಹಿಂದಿನದು. ಬೆಂಗಳೂರಿನ ವಿಷುಯಲ್ ಎಫೆಕ್ಟ್ಸ್ ಸ್ಟುಡಿಯೋಗಳಲ್ಲಿ 'ರೋಟೋ' ಎಂದರೆ ಬೇರೆಯೇ ಕೆಲಸ. ನಟನ ಸುತ್ತ, ಕೂದಲಿನ ಎಳೆ ಸಹಿತ, ಚೌಕಟ್ಟು ಚೌಕಟ್ಟಾಗಿ ಗೆರೆ ಎಳೆದು ಅವನನ್ನು ಹಿನ್ನೆಲೆಯಿಂದ ಬೇರ್ಪಡಿಸುವುದು. ಹಾಗೆ ಬೇರ್ಪಟ್ಟ ಮೇಲೆಯೇ ಹಿಂದೆ ಪ್ರವಾಹವನ್ನೋ ಅರಮನೆಯನ್ನೋ ಸೇರಿಸಲು ಬರುವುದು. ಈ ಗೆರೆ ಪ್ರೇಕ್ಷಕನಿಗೆ ಕಾಣುವುದಿಲ್ಲ. ಕಾಣದಿದ್ದರೇ ಕೆಲಸ ಚೆನ್ನಾಗಿ ಆಗಿದೆ ಎಂದರ್ಥ. ಹಾಲಿವುಡ್ ಚಿತ್ರಗಳ ಇಂಥ ಕೆಲಸದ ದೊಡ್ಡ ಪಾಲು ಬೆಂಗಳೂರು, ಮುಂಬೈ, ಚೆನ್ನೈ ನಗರಗಳಲ್ಲಿ ನಡೆಯುತ್ತ ಬಂದಿದೆ. ರೋಟೋ ಕಲಿತು, ಅಲ್ಲಿಂದ ಮೇಲಿನ ಕೆಲಸಗಳಿಗೆ ಏರುವುದು ಡಿಪ್ಲೊಮಾ ಮುಗಿಸಿದ ಹುಡುಗ ಹುಡುಗಿಯರಿಗೆ ಸಾಮಾನ್ಯವಾದ ಮೆಟ್ಟಿಲು. ಅನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕೆಂದೇ ಕರ್ನಾಟಕ ಸರ್ಕಾರ 2012ರಲ್ಲಿ ಪ್ರತ್ಯೇಕ ನೀತಿ ರೂಪಿಸಿತ್ತು.

ಆ ಮೆಟ್ಟಿಲು ಈಗ ಅಲುಗಾಡುತ್ತಿದೆ. 2010ರಲ್ಲಿಯೇ ಅಂಚನ್ನು ತಾನಾಗಿ ಹಿಂಬಾಲಿಸುವ ಕುಂಚ ತಂತ್ರಾಂಶದಲ್ಲಿ ಬಂದಿತ್ತು. ಕಲಿಯುವ ಯಂತ್ರಗಳು ಬಂದ ಮೇಲೆ ಅದು ಇನ್ನಷ್ಟು ಚುರುಕಾಗಿದೆ. ಅದರ ಜೊತೆಗೆ 2025ರ ಫೆಬ್ರವರಿಯಲ್ಲಿ ಜಾಗತಿಕ ಟೆಕ್ನಿಕಲರ್ ಸಮೂಹ ಆರ್ಥಿಕವಾಗಿ ಕುಸಿದಾಗ ಬೆಂಗಳೂರಿನ ಅದರ ಸ್ಟುಡಿಯೋ ಬಾಗಿಲು ಮುಚ್ಚಿತು, ನುರಿತ ಕಲಾವಿದರು ದೊಡ್ಡ ಸಂಖ್ಯೆಯಲ್ಲಿ ಬೀದಿಗೆ ಬಿದ್ದರು. ಆ ಕುಸಿತಕ್ಕೆ ಕಾರಣ ಯಂತ್ರವೆಂದು ಹೇಳಲಾಗದು. ಹಣಕಾಸಿನ ತೊಂದರೆ ಹಳೆಯದು. ಆದರೆ ಕೆಲಸ ಕಳೆದುಕೊಂಡವರು ಮತ್ತೆ ಹುಡುಕಲು ಹೊರಟ ಪೇಟೆಯಲ್ಲಿ ಯಂತ್ರ ಆಗಲೇ ಕುಳಿತಿತ್ತು.

ಹಾಗೆಂದು ಯಂತ್ರವನ್ನು ದೂರ ಇಡಿ ಎನ್ನುವುದು ಬುದ್ಧಿವಂತಿಕೆಯಲ್ಲ. ರೋಟೋಸ್ಕೋಪ್ ಕೂಡ ಒಂದು ಯಂತ್ರವೇ. ಕೇಳಬೇಕಾದ ಪ್ರಶ್ನೆಗಳು ಮೂರು. ಯಾರ ಚಲನೆಯನ್ನು ಎರವಲು ತಂದಿರಿ, ಅವರು ಒಪ್ಪಿದ್ದಾರೆಯೇ? ಯಾರ ಶೈಲಿಯನ್ನು ಯಂತ್ರಕ್ಕೆ ಉಣಿಸಿದಿರಿ, ಅವರಿಗೆ ಏನು ಸಂದಿತು? ಏನನ್ನು ಬಿಡಬೇಕು ಎಂದು ತೀರ್ಮಾನಿಸಿದವರು ಯಾರು, ಅವರ ಹೆಸರು ಚಿತ್ರದ ಕೊನೆಯಲ್ಲಿ ಇದೆಯೇ? ನಟ ಅನಿಲ್ ಕಪೂರ್ ಅವರ ಹೆಸರು, ಮುಖ, ದನಿಗಳನ್ನು ಅನುಮತಿಯಿಲ್ಲದೆ ಬಳಸದಂತೆ ದೆಹಲಿ ಹೈಕೋರ್ಟ್ 2023ರ ಸೆಪ್ಟೆಂಬರ್‌ನಲ್ಲಿ ತಡೆ ನೀಡಿತು. ಪ್ರಸಿದ್ಧ ನಟನ ಮುಖಕ್ಕೆ ನ್ಯಾಯಾಲಯದ ಬಾಗಿಲು ತೆರೆಯಿತು. ಹೆಸರಿಲ್ಲದೆ ಗೆರೆ ಎಳೆದವರ ಕೈಗೆ ಅಂಥ ರಕ್ಷಣೆ ಇನ್ನೂ ದೊರೆಯಬೇಕಾಗಿದೆ.

ಮಾಡಿ ನೋಡುವವರಿಗೆ

ಈ ಸಭೆಯಲ್ಲಿ ವಿದ್ಯಾರ್ಥಿಗಳೂ ಇದ್ದಾರೆ. ಈ ವಿದ್ಯೆಯನ್ನು ತಿಳಿಯಲು ದುಬಾರಿ ಸಲಕರಣೆ ಬೇಕಿಲ್ಲ. 'ಕ್ರಿಟಾ', 'ಬ್ಲೆಂಡರ್' ಎಂಬ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ; ಎರಡರಲ್ಲೂ ವಿಡಿಯೋದ ಮೇಲೆ ಗೆರೆ ಬರೆಯುವ ಸೌಕರ್ಯವಿದೆ. ಮೊಬೈಲನ್ನು ಅಲುಗಾಡದಂತೆ ನಿಲ್ಲಿಸಿ. ಬೆಳಕು ಒಂದು ಪಕ್ಕದಿಂದ ಬರಲಿ. ಹಿನ್ನೆಲೆ ಸಾದಾ ಗೋಡೆಯಾಗಿರಲಿ. ಬಟ್ಟೆಯ ಬಣ್ಣ ಗೋಡೆಯ ಬಣ್ಣಕ್ಕಿಂತ ಬೇರೆಯಾಗಿರಲಿ. ತಂಗಿಯೋ ಗೆಳೆಯನೋ ಒಮ್ಮೆ ತಿರುಗಿ ನೋಡಿ ನಗುವುದನ್ನು 1 ಸೆಕೆಂಡು ಮಾತ್ರ ಹಿಡಿಯಿರಿ.

ಎರಡು ಚೌಕಟ್ಟಿಗೆ ಒಂದರಂತೆ ಬರೆದರೆ 12 ಚಿತ್ರಗಳು ಸಾಕು. ಮೊದಲ ಚಿತ್ರದಲ್ಲಿ ಕಂಡದ್ದನ್ನೆಲ್ಲ ಬರೆಯಬೇಕೆನಿಸುತ್ತದೆ: ಅಂಗಿಯ ಗುಂಡಿ, ಕಿವಿಯ ಮಡಿಕೆ, ಪ್ರತಿ ಕೂದಲು. ನಾಲ್ಕನೆಯದರ ಹೊತ್ತಿಗೆ ಕೈ ಸೋಲುತ್ತದೆ, ಗುಂಡಿಗಳು ಬಿಟ್ಟುಹೋಗುತ್ತವೆ. ಎಂಟನೆಯದರ ಹೊತ್ತಿಗೆ ನಗು ಇರುವುದು ತುಟಿಯಲ್ಲಲ್ಲ, ಕೆನ್ನೆ ಮೇಲೇರಿ ಕಣ್ಣು ಕಿರಿದಾಗುವುದರಲ್ಲಿ ಎಂಬುದು ಗಮನಕ್ಕೆ ಬರುತ್ತದೆ. ಹನ್ನೆರಡನೆಯದು ಮುಗಿದಾಗ ಮೊದಲನೆಯದನ್ನು ಹರಿದು ಹಾಕಿ ಮತ್ತೆ ಬರೆಯಬೇಕೆನಿಸುತ್ತದೆ.

ಆಗ ಅದೇ ತುಣುಕನ್ನು ಮೊಬೈಲಿನ ತಂತ್ರಾಂಶಕ್ಕೂ ಕೊಟ್ಟು, ಎರಡನ್ನೂ ಪಕ್ಕಪಕ್ಕದಲ್ಲಿ ಓಡಿಸಿ ನೋಡಬಹುದು. ಯಂತ್ರದ್ದು ಹೆಚ್ಚು ಅಚ್ಚುಕಟ್ಟಾಗಿರುತ್ತದೆ. ಯಾವುದರಲ್ಲಿ ತಂಗಿ ನಗುತ್ತಿದ್ದಾಳೆ ಎಂಬುದನ್ನು ಮನೆಯವರನ್ನೇ ಕೇಳಿ.